ಕೊಟ್ಟಿಗೆ ಅಳೆದು ಗುಂಡಿ ತೋಡು

ಬೀರೂರಿನಿಂದ ಚಿಕ್ಕಜಾಜೂರಿನತ್ತ ಸಾಗುವ ರೈಲಿನಲ್ಲಿ ಹೊಳಲ್ಕೆರೆಗೆ ಬಂದಿಳಿದರೆ, ಹೊರಕೆರೆದೇವಪುರಕ್ಕೆ ಮುಂದಿನದು ರಸ್ತೆಯ ಪಯಣ. ಚಿತ್ರದುರ್ಗದ ಈ ಸೀಮೆ ಮಳೆಗಾಗಿ ಮುಗಿಲು ನೋಡುವ ಸೀಮೆ. ನೀರಿದ್ದೆಡೆ ತೆಂಗು, ಅಡಕೆ, ಇಲ್ಲದೆಡೆ ಬೆದ್ದಲು. ಊರಿನ ಹೆಸರಿನಲ್ಲಿಯೇ ಕೆರೆಯೂ ಇದೆ, ದೇವರೂ ಇದ್ದಾನೆ. ಲಕ್ಷ್ಮೀನರಸಿಂಹಸ್ವಾಮಿಯ ದೇಗುಲ ಮತ್ತು ರಥೋತ್ಸವದಿಂದ ಹೆಸರಾದ ಈ ಸ್ಥಳ ಬಳಕೆಯ ಮಾತಿನಲ್ಲಿ ಎಚ್.ಡಿ. ಪುರ.

ದರ್ಶನ ಮುಗಿಸಿ ಹೊರಬಂದ ಪಟ್ಟಣಿಗರ ಕಣ್ಣು ಗೋಪುರದ ಮೇಲಿರುವುದು ಸಹಜ. ಆದರೆ ನಮ್ಮ ಬಯಲುಸೀಮೆಯ ಹಳ್ಳಿಗಳ ಕೊಟ್ಟಿಗೆ, ತಿಪ್ಪೆಗಳೂ ನೋಡತಕ್ಕವೇ. ಹೊಲಕ್ಕೆ ಗೊಬ್ಬರ, ಒಲೆಗೆ ಬೆರಣಿ, ನೆಲಕ್ಕೆ ಸಾರಣೆ—ಒಂದೇ ಬುಟ್ಟಿ ಸಗಣಿಗೆ ಎಷ್ಟೊಂದು ಹಕ್ಕುದಾರರು! ಗೋಬರ್ ಗ್ಯಾಸಿನ ಗುಂಡಿ ಇವರಲ್ಲಿ ಇಬ್ಬರನ್ನು ಒಟ್ಟಿಗೆ ತಣಿಸುತ್ತದೆ: ಅನಿಲ ಒಲೆಗೆ, ಉಳಿದ ಬಗ್ಗಡ ಹೊಲಕ್ಕೆ. ಆದರೆ ಗುಂಡಿ ಎಷ್ಟು ದೊಡ್ಡದಿರಬೇಕು?

ಈ ಲೆಕ್ಕವನ್ನು ಗೃಹಿಣಿಯರೂ ಬೆರಳೆಣಿಸಿ ಮಾಡಬಹುದು. ಒಬ್ಬರ ಅಡಿಗೆಗೆ ದಿನಕ್ಕೆ ಸುಮಾರು 300 ಲೀಟರ್ ಅನಿಲವೆಂದರೆ, ಐವರ ಸಂಸಾರಕ್ಕೆ 1,500 ಲೀಟರ್ ಬೇಕು. ಒಂದು ಕಿಲೋ ಹಸಿ ಸಗಣಿ ಕೊಡುವುದು 40 ಲೀಟರಿನಷ್ಟು. ಆದ್ದರಿಂದ ಸುಮಾರು 38 ಕಿಲೋ ಸಗಣಿ ಬೇಕು. ಹಸುವೊಂದಕ್ಕೆ ಹತ್ತು ಕಿಲೋ ಎಂದಿಟ್ಟುಕೊಂಡರೆ ನಾಲ್ಕು ಹಸು. ಅವು ಹಗಲೆಲ್ಲ ಮೇಯಲು ಹೋಗುವುದಾದರೆ ಅರ್ಧ ಸಗಣಿ ಬಯಲಿನ ಪಾಲು. ಆಗ ಎಂಟು ಹಸು ಬೇಕಾದೀತು!

ಸಗಣಿಯಷ್ಟೇ ನೀರು ಬೆರೆಸಿದರೆ ದಿನಕ್ಕೆ 76 ಲೀಟರ್ ಬಗ್ಗಡ. ಗಾಳಿಯಿಲ್ಲದ ಕತ್ತಲೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿ ಅನಿಲವಾಗಿಸಲು ಬೆಚ್ಚನೆಯ ಸೀಮೆಯಲ್ಲಿ 30ರಿಂದ 40 ದಿನ, ಚಳಿ ಪ್ರದೇಶದಲ್ಲಿ 55 ದಿನ ಹಿಡಿಯುತ್ತದೆ. 76ನ್ನು 40ರಿಂದ ಗುಣಿಸಿ: 3,040 ಲೀಟರ್. ಬಗ್ಗಡಕ್ಕೆ ಇಷ್ಟು ಸ್ಥಳ; ಅನಿಲ ನಿಲ್ಲಲು ಮೇಲೆ ಬೇರೆ.

ಇದೇ ಗುಂಡಿಯನ್ನು ಎರಡೇ ಹಸುವಿನ ಮನೆಯಲ್ಲಿ ತೋಡಿದರೆ ದೊರೆಯುವುದು 800 ಲೀಟರ್ ಅನಿಲ. ಇಟ್ಟಿಗೆ, ಸಿಮೆಂಟಿನ ಸಾಲ ಮಾತ್ರ ಪೂರ್ತಿ. ದಿನಕ್ಕೆ 80 ಕಿಲೋ ಸಗಣಿ ತುರುಕಿದರೋ, 19 ದಿನಕ್ಕೇ ಅರೆಜೀರ್ಣವಾದ ಬಗ್ಗಡ ಹೊರಬೀಳುತ್ತದೆ. ಮನುಷ್ಯನ ಹೊಟ್ಟೆಯಂತೆ ಗುಂಡಿಗೂ ಉಪವಾಸ, ಅಜೀರ್ಣ ಎರಡೂ ಉಂಟು.

ಈ ಪಾಠವನ್ನು ಇಡೀ ಊರಿನ ಪ್ರಮಾಣದಲ್ಲಿ ಕಲಿಸಿದ್ದು ಮತ್ತೊಂದು ಪುರ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು, ಬಾವಿಯಂತೆ ಆಳವಾದ ಗುಂಡಿಗಿಂತ ಅಗಲವಾದ, ಆಳ ಕಡಿಮೆಯಾದ ಗುಂಡಿ ಅಗ್ಗವೆಂದು ಕಂಡುಕೊಂಡಿದ್ದರು. ಪುರದಲ್ಲಿ ಎಲ್ಲ ಒಲೆಗಳಿಗೂ ಅನಿಲ ಹಂಚುವುದು ಮೊದಲಿನ ಯೋಜನೆ. ಊರಿನ ಸಗಣಿ ಎಲ್ಲರ ಅಡಿಗೆಗೆ ಸಾಲಲಿಲ್ಲ, ಯೋಜನೆ ನಿಂತಿತು.

ಜನರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲ, ಸ್ವಲ್ಪ ಡೀಸೆಲ್ಲಿನ ಜತೆಗೂಡಿ, ಎಂಜಿನನ್ನು ಓಡಿಸಿತು. ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಬಳಿಕ ಮನೆಗಳಲ್ಲಿ ದೀಪ ಹತ್ತಿತು. ಅಡಿಗೆಗೆ ಸಾಲದ ಅನಿಲ ನೀರಿಗೆ, ಬೆಳಕಿಗೆ ಸಾಕಾಯಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ, ಜತೆಗೆ ಬಗ್ಗಡದ ಗೊಬ್ಬರವೂ ಮರಳಿ ಮನೆಗೆ. ಬುಟ್ಟಿ ಹೊರುತ್ತಿದ್ದವರು ಹೆಚ್ಚಾಗಿ ಹೆಂಗಸರಾದ್ದರಿಂದ, ಈ ಹಣ ಅವರ ಕೈ ಸೇರಿದ್ದು ಸಣ್ಣ ಸಂಗತಿಯಲ್ಲ.

ಇಂದು ಸಿಲಿಂಡರ್ ಹಳ್ಳಿಯನ್ನೂ ಮುಟ್ಟಿದೆ. ಸಿಲಿಂಡರಿಗೆ ದುಡ್ಡು ಬೇಕು, ಗುಂಡಿಗೆ ದುಡಿಮೆ ಬೇಕು. ಆದುದರಿಂದ ಗುಂಡಿ ತೋಡಿಸುವ ಯಜಮಾನರು ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ತೂಗಿ ನೋಡಲಿ. ದಿನವೂ ಅಷ್ಟು ಸಗಣಿ ಹೊತ್ತು, ಅಷ್ಟು ನೀರು ಸೇದಿ ಕಲಸುವವರು ಯಾರೆಂದು ಮನೆಯಾಕೆಯನ್ನೂ ಕೇಳಲಿ. ನೀರಿಗೆ ಬರವಿರುವ ಸೀಮೆಯಲ್ಲಿ ಆ ಉತ್ತರದ ಅಳತೆಯೇ ಗುಂಡಿಯ ಅಳತೆ.