ತುಂಗೆಯ ಮಡುವಿನಲ್ಲಿ

ಮಲೆನಾಡಿನ ಹೊಳೆಯನ್ನು ಸೇತುವೆಯ ಮೇಲೆ ನಿಂತು ನೋಡಿದವನು ಅದನ್ನು ಅರ್ಧ ಮಾತ್ರವೇ ನೋಡಿದಂತಾಯಿತು. ಅದರಲ್ಲಿ ಮಿಂದು, ಈಜಿ, ದೋಣಿಯಲ್ಲಿ ದಾಟಿ, ಅದರ ಮೀನುಗಳ ಪರಿಚಯವನ್ನು ಮಾಡಿಕೊಂಡವನೇ ಅದನ್ನು ಪೂರ್ಣವಾಗಿ ಬಲ್ಲನು.

ಕಳೆದ ಮಾಘಮಾಸದಲ್ಲಿ ಹತ್ತು ವರ್ಷದ ಮೊಮ್ಮಗನೊಡನೆ ಶೃಂಗೇರಿಗೆ ಹೋಗಿದ್ದೆನು. ವರಾಹಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವರು. ನೇತ್ರಾವತಿಯು ಪಡುಗಡಲಿಗೆ ಇಳಿದುಹೋದರೆ, ಭದ್ರೆಯು ಬಹುದೂರ ಸುತ್ತಿ ಕೂಡಲಿಯಲ್ಲಿ ತುಂಗೆಯನ್ನು ಮರಳಿ ಸೇರುವಳು. ಶೃಂಗೇರಿಯ ಸೋಪಾನಗಳ ಬಳಿ ನೀರು ತಿಳಿಯಾಗಿತ್ತು. ನಾವು ಮಂಡಕ್ಕಿಯನ್ನು ಚೆಲ್ಲಿದೊಡನೆಯೇ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು.

"ತಾತ, ಇವನ್ನು ಯಾರೂ ಹಿಡಿಯುವುದಿಲ್ಲವೇ?" ಎಂದನು ಬಾಲಕನು.

ಇಲ್ಲಿ ಇವು ದೇವರ ಮೀನುಗಳು, ಹಿಡಿಯಲಾಗದು ಎಂದೆನು. ಇಂತಹ ಹೊಳೆಗಳ ಮಹಶೀರ್ ಮೀನು ಗಾಳಗಾರರಲ್ಲಿ ಲೋಕಪ್ರಸಿದ್ಧವಾದುದು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಶೀರನ್ನು ಗಾಳದಿಂದ ಎಳೆದರು. ಈ ಜಾತಿಗೆ ಹರಿಯುವ ಶುದ್ಧಜಲವೇ ಪ್ರಾಣ. ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಏರಿ, ಮೇಲ್ಹೊಳೆಯ ಕಲ್ಲುಹರಳುಗಳ ನಡುವೆ ಮೊಟ್ಟೆಯಿಡುವುದು. ಮನುಷ್ಯನ ಕೇಡಿಗೆ ಮಾತ್ರ ಇದು ಎದುರಾಗಲಾರದು. ಘಟ್ಟದ ಕೆಳಗಿನ ಶಿಶಿಲದಲ್ಲಿ ೧೯೯೬ರಲ್ಲಿ ದುಷ್ಟರು ಕಪಿಲಾನದಿಗೆ ವಿಷವಿಕ್ಕಿ ಸಾವಿರಾರು ದೇವರ ಮೀನುಗಳನ್ನು ಕೊಂದರು. ಊರವರು ಅವುಗಳಿಗೆ ಸ್ಮಾರಕವನ್ನು ಕಟ್ಟಿಸಿದ್ದಾರೆ.

ಮರುದಿನ ಹೊಳೆಯ ಕೆಳಗಣ ನಮ್ಮ ಹಳ್ಳಿಗೆ ಹೋದೆವು. ಅಲ್ಲಿನ ಮಡುವನ್ನು ಕಂಡು ಬಾಲಕನು ಈಜು ಕಲಿಸೆಂದು ಹಟ ಹಿಡಿದನು. ನನ್ನ ಕೈ ನಡುಗಿತು. ಅದಕ್ಕೆ ಕಾರಣವನ್ನು ಅಂದಿನವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ನನಗಾಗ ಹದಿನಾಲ್ಕು ವರ್ಷ. ಬೇಸಗೆಯಲ್ಲಿ ಒಣ ಸೋರೆಬುರುಡೆಯನ್ನು ಕಟ್ಟಿಕೊಂಡು ಅದೇ ಮಡುವಿನಲ್ಲಿ ಈಜು ಕಲಿತು, ಬಲ್ಲವನೆಂದು ಬೀಗುತ್ತಿದ್ದೆನು. ಆಷಾಢದ ಒಂದು ಬೆಳಗ್ಗೆ ನಮ್ಮೂರಿನಲ್ಲಿ ಬಿಸಿಲಿತ್ತು, ಆದರೆ ಹೊಳೆ ಕೆಂಪಗೆ ಬರುತ್ತಿತ್ತು. ಸಹಪಾಠಿಯೊಡನೆ ಪಂಥ ಕಟ್ಟಿ ಧುಮುಕಿದೆನು. ನಡುಹೊಳೆಯಲ್ಲಿ ಸುಳಿ ನನ್ನನ್ನು ಎರಡು ಸಲ ಒಳಗೆಳೆಯಿತು. ಮೂರನೆಯ ಸಲ ಕೈಗೆ ಸಿಕ್ಕಿದುದು ಮುದುಕ ಅಂಬಿಗನ ದೋಣಿಯ ಗಳು. ಆತನು ಬಯ್ಯಲಿಲ್ಲ, ಮನೆಯಲ್ಲಿ ದೂರಲೂ ಇಲ್ಲ. "ಈಜು ಬಲ್ಲವನಾರು, ಬಾರದವನಾರು ಎಂಬುದು ಹೊಳೆಗೆ ತಿಳಿಯದಪ್ಪಾ" ಎಂದಷ್ಟೇ ಹೇಳಿ ದಡಕ್ಕೆ ಬಿಟ್ಟನು.

ಮಡುವಿನ ಅಂಚಿನಲ್ಲಿ ಕುಳಿತು ಇದೆಲ್ಲವನ್ನೂ ಮೊಮ್ಮಗನಿಗೆ ಹೇಳಿದೆನು. ಬಳಿಕ ಇಬ್ಬರೂ ಎದೆಮಟ್ಟದ ನೀರಿಗೆ ಇಳಿದೆವು. ನಾನು ಕಲಿಸಿದುದು ಇಷ್ಟೇ: ಆಳವರಿಯದ ನೀರಿಗೆ ಧುಮುಕಬಾರದು. ನೀರು ಕೆಂಪಾದರೆ ಘಟ್ಟದಲ್ಲಿ ಮಳೆಯಾಗಿದೆಯೆಂದು ತಿಳಿದು ದಡ ಸೇರಬೇಕು. ಸೆಳವಿಗೆ ಸಿಕ್ಕಿದರೆ ಅದರೊಡನೆ ಹೋರಾಡದೆ, ಅದು ಒಯ್ದಂತೆ ಹೋಗುತ್ತ ಓರೆಯಾಗಿ ದಡದತ್ತ ಸರಿಯಬೇಕು. ಮುಳುಗುವವನನ್ನು ಕಂಡರೆ ತಾನೂ ಹಾರದೆ ಹಗ್ಗವನ್ನೋ ಗಳುವನ್ನೋ ನೀಡಬೇಕು.

ಸಂಜೆ ಮರಳುವಾಗ ಬಾಲಕನು, "ಆ ಅಂಬಿಗನಿಗೆ ನೀನು ಏನು ಕೊಟ್ಟೆ?" ಎಂದು ಕೇಳಿದನು. ಏನನ್ನೂ ಕೊಟ್ಟಿರಲಿಲ್ಲ. ಈಗ ಅಲ್ಲಿ ಸೇತುವೆಯಾಗಿದೆ; ದೋಣಿಯೂ ಇಲ್ಲ, ಅಂಬಿಗನೂ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೊಳೆದಂಡೆಯ ಊರುಗಳ ಮಕ್ಕಳಿಗೆ ಸಂಧಿಸಮಾಸಗಳನ್ನು ಕಲಿಸಿದೆನು. ಒಬ್ಬನಿಗಾದರೂ ಈಜು ಕಲಿಸಲಿಲ್ಲ. ಆ ಋಣವು ಹಾಗೆಯೇ ಉಳಿದಿದೆ. ಮಕ್ಕಳಿರುವ ಗೃಹಸ್ಥರು ಬರುವ ಬೇಸಗೆಯಲ್ಲಿಯೇ, ನೀರು ತಿಳಿಯಾಗಿರುವಾಗ, ಬಲ್ಲವರ ಕೈಯಲ್ಲಿ ಅವರಿಗೆ ಈಜು ಕಲಿಸಿದರೆ ನನ್ನ ಋಣದಲ್ಲಿಯೂ ಕೊಂಚ ತೀರಿದಂತಾಗುವುದು.