ಹುಣಿಸೆಹುಳಿಯೂ ಆನೆ ಕಾಸೂ

ಚಿತ್ರದುರ್ಗದ ಕಡೆಗೆ ರೈಲುದಾರಿ ಕವಲೊಡೆಯುವ ಚಿಕ್ಕಜಾಜೂರಿನ ಮನೆಯೊಂದರಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಹಳೆಯ ನಾಣ್ಯಗಳಿಗೆ ಮಜ್ಜನವಾಯಿತು: ಹುಣಿಸೆಹಣ್ಣು, ಉಪ್ಪು, ತೆಂಗಿನ ನಾರು. ಅಜ್ಜಿಯ ಕೈಯಲ್ಲಿ ಮೈಸೂರಿನ ಆನೆ ಕಾಸು ಹೊಸ ಚೊಂಬಿನಂತೆ ಹೊಳೆಯಿತು. ಮೊದಲೇ ಸವೆದಿದ್ದ ಸೊಂಡಿಲು ಮಾತ್ರ ಕಾಣದಾಯಿತು. ಕಾಸುಗಳನ್ನು ಕೂಡಿಟ್ಟಿದ್ದ ಮೊಮ್ಮಗ ಎರಡು ದಿನ ಅಜ್ಜಿಯೊಡನೆ ಮಾತನಾಡಲಿಲ್ಲ. ದೇವರ ಮುಂದೆ ಕೊಳೆಯ ಕಾಸನ್ನಿಡುವುದುಂಟೆ ಎಂಬುದು ಆಕೆಯ ಪ್ರಶ್ನೆ.

ಆ ಕಂದು ಬಣ್ಣ ಕೊಳೆಯಲ್ಲ. ಬಹುಕಾಲದಲ್ಲಿ ತಾಮ್ರ ತಾನಾಗಿ ಹೊದ್ದ ಹೊದಿಕೆ. ಹುಳಿ ಅದನ್ನು ಕರಗಿಸುತ್ತದೆ, ನಾರು ಲೋಹವನ್ನೇ ಗೀಚುತ್ತದೆ. ಮೊಮ್ಮಗನೇನು ನಿರಪರಾಧಿಯೆ? ಅವನ ಅಗ್ಗದ ಪಿ.ವಿ.ಸಿ. ಹಾಳೆಗಳ ಜೇಬಿನಲ್ಲಿ ಕಾಸುಗಳ ಮೇಲೆ ಹಸಿರು ಜಿಡ್ಡು ಆಗಲೇ ಕುಳಿತಿತ್ತು.

ಸೀಸದ ಪಾಡು ಇನ್ನೂ ನಾಜೂಕು. 1947ರಲ್ಲಿ ವೀಲರರು ಉತ್ಖನನ ನಡೆಸಿದ ಚಿತ್ರದುರ್ಗದ ಚಂದ್ರವಳ್ಳಿ, ಶಾತವಾಹನರ ಕಾಲದ ಸೀಸದ ನಾಣ್ಯಗಳಿಗೆ ಹೆಸರಾದ ನೆಲೆ. ಅಂಥವನ್ನು ಮರದ ಪೆಟ್ಟಿಗೆಯಲ್ಲಿಟ್ಟರೆ, ಮರದಿಂದೇಳುವ ಆಮ್ಲದ ಆವಿಗೆ ಸೀಸ ಬೆಳ್ಳಗೆ ಪುಡಿಯಾಗತೊಡಗುತ್ತದೆ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದದ್ದು ಒಂದು ಚೆಂದದ ಪೆಟ್ಟಿಗೆಯಲ್ಲಿ ಹಾಳಾಗಬಹುದು!

ಈಗ ಆ ಮನೆಯ ಕಾಸುಗಳು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ಒಂದೊಂದಾಗಿ, ತೇವವಿಲ್ಲದ ಕಪಾಟಿನಲ್ಲಿವೆ. ಮೊಮ್ಮಗ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಅಂಚನ್ನಷ್ಟೇ ಹಿಡಿದು ನೋಡುತ್ತಾನೆ. ಬೆರಳಿನ ಬೆವರು ತಗಲಿದರೂ ಲೋಹದಲ್ಲಿ ಗುರುತು ನಿಲ್ಲುತ್ತದಷ್ಟೆ. ಪೂಜೆಗೆಂದು ಅಜ್ಜಿಗೆ ಇಂದಿನ ಹತ್ತು ರೂಪಾಯಿಯ ನಾಣ್ಯಗಳನ್ನು ಕೊಟ್ಟಿದ್ದಾನೆ. ಅವನ್ನು ಆಕೆ ಹುಣಿಸೆಹುಳಿ ಹಚ್ಚಿ ಮನಸಾರೆ ತಿಕ್ಕುತ್ತಾರೆ.