ಚರ್ಮವೂ ಬೆನ್ನೆಲುಬೂ



ಮೈಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳನೆಯ ಹೊಟ್ಟು ಉದುರುವ ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯನ್ನು ನೀವು ಬಲ್ಲಿರಿ. ಅದು ಅಂಟುರೋಗವಲ್ಲ, ಅಂಥವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲು ಯಾರೂ ಅಂಜಬೇಕಾಗಿಲ್ಲ. ಆದರೆ ಈ ವ್ಯಾಧಿಯುಳ್ಳ ಕೆಲವರಲ್ಲಿ ಕೀಲುಗಳೂ ಬಾಧೆಗೊಳಗಾಗುತ್ತವೆ, ಕತ್ತು ಬೆನ್ನೆಲುಬುಗಳೂ ಸೆಟೆಯುತ್ತವೆ ಎಂಬುದು ಅನೇಕರಿಗೆ ತಿಳಿಯದು. ಈ ಬೇನೆಯೊಡನೆ ಹಲವು ವರ್ಷ ಬಾಳಿದವನಾದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಕತ್ತು ನೋಯುವುದು ಯಾರಿಗಿಲ್ಲ? ದಿಂಬು ಎತ್ತರವಾಯಿತು, ವಾಯು ಹಿಡಿಯಿತು, ವಯಸ್ಸಾಯಿತು ಎನ್ನುತ್ತೇವೆ. ಸವೆತದ ನೋವು ಸಾಮಾನ್ಯವಾಗಿ ದುಡಿದಾಗ ಹೆಚ್ಚಿ, ಮಲಗಿದಾಗ ತಗ್ಗುತ್ತದೆ. ಉರಿಯೂತದ ನೋವು ಇದಕ್ಕೆ ತೀರ ವಿಪರೀತ. ರಾತ್ರಿಯ ಉತ್ತರಾರ್ಧದಲ್ಲಿ ನಿದ್ದೆಗೆಡಿಸುತ್ತದೆ, ಮುಂಜಾನೆ 30 ನಿಮಿಷವೋ ಅದಕ್ಕೂ ಹೆಚ್ಚೋ ಬೆನ್ನು ಕೊರಡಿನಂತಿರುತ್ತದೆ, ನಡೆದಾಡಿದಂತೆಲ್ಲ ಸಡಿಲಗೊಳ್ಳುತ್ತದೆ. ವಿಶ್ರಾಂತಿಯಿಂದ ಹೆಚ್ಚುವ ನೋವು! ಮನೆಯ ಹಿರಿಯರು ‘ಮಲಗಪ್ಪಾ, ಏಳಬೇಡ’ ಎಂದು ಅಂತಃಕರಣದಿಂದ ಹೇಳುವ ಮಾತೇ ಇಲ್ಲಿ ಅಪಥ್ಯ.

1973ರಲ್ಲಿ ಮಾಲ್ ಮತ್ತು ರೈಟ್ ಎಂಬ ಆಂಗ್ಲ ವೈದ್ಯರು ಈ ಸಂಧಿವಾತವನ್ನು ಐದು ಬಗೆಯಾಗಿ ವಿಂಗಡಿಸಿದಾಗ, ಬೆನ್ನೆಲುಬನ್ನೇ ಮುಖ್ಯವಾಗಿ ಹಿಡಿಯುವುದನ್ನೂ ಅವುಗಳಲ್ಲೊಂದಾಗಿ ಎಣಿಸಿದರು. ವಿಚಿತ್ರವೆಂದರೆ, ಸೊಂಟದ ತಳದ ಕೀಲುಗಳನ್ನು ಮುಟ್ಟದೆಯೂ ಇದು ಕತ್ತನ್ನು ಹಿಡಿಯಬಲ್ಲದು. ಆರಂಭದಲ್ಲಿ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು. ರಕ್ತಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಬಹುಜನರಲ್ಲಿ ಮೊದಲು ಚರ್ಮದ ಮಚ್ಚೆ, ಎಷ್ಟೋ ವರ್ಷಗಳ ಮೇಲೆ ಕೀಲುನೋವು. ಚರ್ಮವನ್ನು ಒಬ್ಬ ವೈದ್ಯರಿಗೆ, ಬೆನ್ನನ್ನು ಇನ್ನೊಬ್ಬರಿಗೆ ತೋರಿಸುವ ನಾವು ಎರಡನ್ನೂ ಕೂಡಿಸಿ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ನನ್ನ ಕತ್ತನ್ನು ಪರೀಕ್ಷಿಸಿದ ಮೊದಲ ಮೂವರಲ್ಲಿ ಒಬ್ಬರೂ ನನ್ನ ಉಗುರುಗಳನ್ನು ನೋಡಲಿಲ್ಲ. ಅವುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಕುಳಿಗಳಿದ್ದವು. ಅದೂ ಈ ವ್ಯಾಧಿಯ ಕುರುಹೇ. ಕಿವಿಯ ಹಿಂದೆ, ಕೂದಲ ಮರೆಯಲ್ಲಿ, ಹೊಕ್ಕುಳಲ್ಲಿ ಅಡಗಿದ ಮಚ್ಚೆಗಳನ್ನೂ ನಾಚದೆ ತೋರಿಸಿರಿ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. ಕ್ಷೌರದಂಗಡಿಯಲ್ಲಿ ಕತ್ತು ತಿರುವಿಸಿಕೊಂಡು ನೆಟಿಗೆ ತೆಗೆಸುವ ಅಭ್ಯಾಸ ಇಂಥವರಿಗೆ ಬೇಡವೇ ಬೇಡ. ಉರಿಯೂತದಿಂದ ದುರ್ಬಲವಾದ ಕತ್ತಿನ ಮೂಳೆ ಜಾರಿದರೆ ಬೆನ್ನುಹುರಿಗೇ ಅಪಾಯ.

ಚಿಕಿತ್ಸೆಯಲ್ಲಿ ಊತ ತಗ್ಗಿಸುವ ಮಾತ್ರೆ ಮತ್ತು ವ್ಯಾಯಾಮ ಮೊದಲು. ಕೈಕಾಲಿನ ಕೀಲುಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಬೆನ್ನೆಲುಬಿಗೆ ಅಷ್ಟಾಗಿ ಫಲಕಾರಿಯಲ್ಲ. ಅದಕ್ಕೆ ಜೈವಿಕ ಔಷಧಗಳ ಚುಚ್ಚುಮದ್ದುಗಳುಂಟು. ಬೆಲೆ ಹೆಚ್ಚು. ಅವನ್ನು ಆರಂಭಿಸುವ ಮುನ್ನ ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ನೋಡಿಸುವುದು ಅತ್ಯವಶ್ಯ. ಒಮ್ಮೆ ಬೆಸೆದುಕೊಂಡ ಮೂಳೆಗಳನ್ನು ಯಾವ ಮದ್ದೂ ಬಿಡಿಸಲಾರದು. ಆದುದರಿಂದಲೇ ಇಷ್ಟು ಅವಸರಪಡಿಸುತ್ತಿದ್ದೇನೆ.

ನನ್ನ ಕತ್ತು ಈಗ ಮೊದಲಿನಂತೆ ಬಾಗದು. ಲಿಂಗಪೂಜೆಯಲ್ಲಿ ಎಡ ಮೊಳಕೈಗೆ ಮಣೆಯೊಂದರ ಆಸರೆ ಕೊಟ್ಟು, ಅಂಗೈಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿಕೊಳ್ಳುತ್ತೇನೆ. ಮುಂಜಾನೆ ನೆಲದ ಮೇಲೆ ಕೂರಲಾಗುವುದಿಲ್ಲವೆಂದು ನಮ್ಮ ಮಠದ ಪೂಜ್ಯರಲ್ಲಿ ಒಮ್ಮೆ ಅರಿಕೆ ಮಾಡಿಕೊಂಡೆ. ಅವರು ನಕ್ಕು, ವೈದ್ಯರು ಹೇಳಿದ ವ್ಯಾಯಾಮವನ್ನು ಮೊದಲು ಮುಗಿಸಿ, ಮೈ ಸಡಿಲವಾದ ಮೇಲೆ ಪೂಜೆಗೆ ಕುಳಿತುಕೊಳ್ಳಿರಿ ಎಂದರು. ಅಂದಿನಿಂದ ಅದೇ ಕ್ರಮ ನಡೆದಿದೆ.